ಬೆಳಿಗ್ಗೆ 95, ರಾತ್ರಿ 12: ಹಂಚಿದ ಇಂಟರ್‌ನೆಟ್ ಎಲ್ಲಿ ತುಂಬಿಕೊಳ್ಳುತ್ತದೆ?

ಪ್ರಶ್ನೆ: ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮಗಳು ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾಳೆ. ಊರಿನ ಕೇಬಲ್‌ನವರ ಹತ್ತಿರ 100 ಎಂಬಿಪಿಎಸ್ ಫೈಬರ್ ಕನೆಕ್ಷನ್ ತೆಗೆದುಕೊಂಡಿದ್ದೇವೆ. ಬೆಳಿಗ್ಗೆ ಸ್ಪೀಡ್ ಟೆಸ್ಟ್ ಮಾಡಿದರೆ 95 ತೋರಿಸುತ್ತದೆ, ರಾತ್ರಿ 8ರಿಂದ 10.30ರವರೆಗೆ 12, ಹೆಚ್ಚೆಂದರೆ 15. ಶನಿವಾರ, ಭಾನುವಾರ ಗೆಸ್ಟ್‌ಗಳು ಬಂದರೆ ಹಗಲಲ್ಲೂ ಮಗಳ ಕಾಲ್ ಕಟ್ ಆಗುತ್ತದೆ. ಫೋನ್ ಮಾಡಿದರೆ 'ನಮ್ಮ ಕಡೆಯಿಂದ ಎಲ್ಲ ಸರಿ ಇದೆ, ಬೇಕಿದ್ದರೆ 200ರ ಪ್ಲ್ಯಾನ್ ಹಾಕಿಸಿಕೊಳ್ಳಿ' ಎನ್ನುತ್ತಾರೆ. ಒಂದೇ ಲೈನನ್ನು ಊರಿಗೆಲ್ಲ ಹಂಚಿ ಮೋಸ ಮಾಡುತ್ತಿದ್ದಾರಾ? 200 ಹಾಕಿಸಿದರೆ ಸರಿಹೋಗುತ್ತಾ? ಇನ್ನೊಂದು ಕನೆಕ್ಷನ್ ತೆಗೆದುಕೊಳ್ಳುವುದು ಒಳ್ಳೆಯದಾ?

ಉತ್ತರ: 200ರ ಪ್ಲ್ಯಾನ್ ಈಗಲೇ ಹಾಕಿಸಬೇಡಿ. ಬೆಳಿಗ್ಗೆ 95 ಕೊಡುವ ಲೈನು ರಾತ್ರಿ ಊಟದ ಹೊತ್ತಿಗೆ 12ಕ್ಕೆ ಇಳಿಯುತ್ತದೆ ಎಂದರೆ, ನಿಮ್ಮ ಮನೆಯಿಂದ ಬೆಂಗಳೂರಿನವರೆಗಿನ ದಾರಿಯಲ್ಲಿ ಹಲವು ಮನೆಗಳು ಸೇರಿ ಬಳಸುವ ಯಾವುದೋ ಒಂದು ಭಾಗ ಆ ಹೊತ್ತಿಗೆ ತುಂಬಿಹೋಗುತ್ತಿದೆ. ಅದು ಹಾಗೇ ಇರುವಾಗ ನಿಮ್ಮ ಪ್ಲ್ಯಾನಿನ ಮಿತಿಯನ್ನು ಎರಡು ಪಟ್ಟು ಮಾಡಿದರೂ ರಾತ್ರಿ ಸಿಗುವುದು ಹೆಚ್ಚುಕಡಿಮೆ ಈಗಿನಷ್ಟೇ. ವಾರಾಂತ್ಯದ ತೊಂದರೆ ಬೇರೆಯೇ ಇರಬೇಕು, ಅದು ನಿಮ್ಮ ಮನೆಯೊಳಗೇ ಹುಟ್ಟುತ್ತಿದೆ ಎಂದು ನನ್ನ ಅಂದಾಜು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಮೋಸದ ಮಾತು. ಹಂಚುವುದರಲ್ಲಿ ಮೋಸವಿಲ್ಲ. ಹಂಚದಿದ್ದರೆ ಕಕ್ಕಬ್ಬೆಯ ತೋಟದ ಮನೆಗೆ ತಿಂಗಳಿಗೆ ಕೆಲವು ನೂರು ರೂಪಾಯಿಯಲ್ಲಿ ಫೈಬರ್ ಬರುತ್ತಲೇ ಇರಲಿಲ್ಲ. ಆದರೆ ಹಂಚಿದ ದಾರಿ ದಿನಾ ರಾತ್ರಿ ತುಂಬುತ್ತಿದೆ ಎಂದು ಗೊತ್ತಿದ್ದೂ ಅದನ್ನು ದೊಡ್ಡದು ಮಾಡದೆ, 'ಎಲ್ಲ ಸರಿ ಇದೆ' ಎಂದು ಹೇಳಿ, ಮೇಲೆ ಇನ್ನೂ ದೊಡ್ಡ ಪ್ಲ್ಯಾನ್ ಮಾರುವುದು ತಪ್ಪು. ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡರೆ ನಿಮಗೆ ಅವರ ಹತ್ತಿರ ಏನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ.

100 ಎಂಬಿಪಿಎಸ್ ಪ್ಲ್ಯಾನ್ ಎಂದರೆ ನಿಮ್ಮ ಹೆಸರಿನಲ್ಲಿ 100 ಎತ್ತಿಟ್ಟಿದ್ದಾರೆ ಎಂದಲ್ಲ. ದಾರಿಯಲ್ಲಿ ಜಾಗ ಇದ್ದಾಗ ನೀವು 100ರವರೆಗೆ ಎಳೆದುಕೊಳ್ಳಬಹುದು, ಅದರ ಮೇಲೆ ಬಿಡುವುದಿಲ್ಲ ಎಂದು. ನಿಮಗೊಬ್ಬರಿಗೇ ಮೀಸಲಾದ 100 ಬೇಕಿದ್ದರೆ ಅದೂ ಸಿಗುತ್ತದೆ. ಲೀಸ್ಡ್ ಲೈನ್ ಅನ್ನುತ್ತಾರೆ, ಬ್ಯಾಂಕು, ಕಾಲೇಜು, ದೊಡ್ಡ ರೆಸಾರ್ಟ್‌ನವರು ತೆಗೆದುಕೊಳ್ಳುತ್ತಾರೆ. ಅದರ ತಿಂಗಳ ಬಾಡಿಗೆ ಮನೆಯ ಪ್ಲ್ಯಾನಿಗಿಂತ ಎಷ್ಟೋ ಪಟ್ಟು ಹೆಚ್ಚು. ಮನೆಗಳಿಗೆ ಅದರ ಅಗತ್ಯವೂ ಇಲ್ಲ. ಎಚ್‌ಡಿಯಲ್ಲಿ ಸಿನಿಮಾ ನೋಡಲು 5 ಎಂಬಿಪಿಎಸ್ ಸಾಕು. 4ಕೆ ಟಿವಿಗೆ 15ರಿಂದ 25 ಬೇಕಾಗುತ್ತದೆ. ಆಫೀಸಿನ ವಿಡಿಯೋ ಮೀಟಿಂಗ್‌ಗೆ 2ರಿಂದ 4. ವಾಟ್ಸಾಪ್ ಮೆಸೇಜು, ಯುಪಿಐ, ಪೇಪರ್ ಓದುವುದು ಇವೆಲ್ಲ ಒಂದು ಕ್ಷಣ ಎಳೆದು ಸುಮ್ಮನಾಗುತ್ತವೆ. 100ರ ಪ್ಲ್ಯಾನ್ ಇರುವ ಮನೆ ದಿನದ 24 ಗಂಟೆಯಲ್ಲಿ ನಿಜವಾಗಿ 100 ಎಳೆಯುವುದು ಯಾವುದೋ ಆ್ಯಪ್ ಅಪ್‌ಡೇಟ್ ಆಗುವ ಕೆಲವು ನಿಮಿಷ ಮಾತ್ರ.

ಈ ಲೆಕ್ಕ ಇಂಟರ್‌ನೆಟ್‌ಗಿಂತ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳು ಯಾವ ಲೆಕ್ಕದಲ್ಲಿ ಬರುತ್ತವೆ ಎಂದು ತೋರಿಸಿದರು. ಇಷ್ಟು ಜನ ಇಷ್ಟು ಹೊತ್ತು ಮಾತಾಡಿದರೆ ಎಷ್ಟು ಲೈನ್ ಇಟ್ಟರೆ ಸಾಕು ಎಂಬ ಅವರ ಸೂತ್ರ 1917ರಲ್ಲಿ ಬಂತು. ಎಲ್ಲರೂ ಒಂದೇ ಕ್ಷಣದಲ್ಲಿ ಫೋನ್ ಎತ್ತುವುದಿಲ್ಲ, ಆದ್ದರಿಂದ ಮನೆಗೊಂದು ಲೈನ್ ಬೇಕಿಲ್ಲ. ಇಂದಿನ ಎಲ್ಲ ಇಂಟರ್‌ನೆಟ್ ಕಂಪನಿಗಳೂ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ.

ನಮ್ಮ ಕಡೆ ಇದನ್ನು ಕರೆಂಟಿನಲ್ಲಿ ಎಲ್ಲರೂ ನೋಡಿದ್ದೇವೆ. ಒಂದು ಟಿಸಿಯ (ಟ್ರಾನ್ಸ್‌ಫಾರ್ಮರ್) ಕೆಳಗಿರುವ ಮನೆಗಳು, ಪಂಪ್‌ಸೆಟ್‌ಗಳು, ಕಾಫಿ ಪಲ್ಪರ್‌ಗಳ ಮಂಜೂರಾದ ಲೋಡ್ ಎಲ್ಲ ಕೂಡಿಸಿದರೆ ಟಿಸಿಯ ತಾಕತ್ತನ್ನು ಮೀರುತ್ತದೆ. ವರ್ಷದ ಬಹುಪಾಲು ಏನೂ ಗೊತ್ತಾಗುವುದಿಲ್ಲ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ತಡವಾಗಿ, ಫೆಬ್ರವರಿ-ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೆ ಸ್ಪ್ರಿಂಕ್ಲರ್ ಹಾಕಿದಾಗ ವೋಲ್ಟೇಜ್ ಬೀಳುತ್ತದೆ. ಇಂಟರ್‌ನೆಟ್‌ಗೆ ಆ ಫೆಬ್ರವರಿ ದಿನಾ ರಾತ್ರಿ 8ಕ್ಕೆ ಬರುತ್ತದೆ.

ಈಗ ನಿಮ್ಮ ಮನೆಯಿಂದ ಹೊರಟು ದಾರಿಯನ್ನೇ ನೋಡೋಣ.

ನಿಮ್ಮ ಗೋಡೆಯ ಮೇಲಿನ ಪೆಟ್ಟಿಗೆ ಓಎನ್‌ಟಿ. ಅದರಿಂದ ಹೊರಟ ಕೂದಲೆಳೆಯಷ್ಟು ತೆಳುವಾದ ಗಾಜು ತೋಟದೊಳಗೆ ಕಂಬದಿಂದ ಕಂಬಕ್ಕೆ, ಎಷ್ಟೋ ಕಡೆ ಸಿಲ್ವರ್ ಮರದಿಂದ ಮರಕ್ಕೆ ಹಾದು ಒಂದು ಕಪ್ಪು ಡಬ್ಬಿಗೆ ಹೋಗುತ್ತದೆ. ಆ ಡಬ್ಬಿಯೊಳಗಿನ ಸ್ಪ್ಲಿಟರ್‌ಗೆ ಕರೆಂಟ್ ಬೇಕಿಲ್ಲ, ಬುದ್ಧಿಯೂ ಇಲ್ಲ. ಒಂದು ಫೈಬರಿನಲ್ಲಿ ಬಂದ ಬೆಳಕನ್ನು 4, 8, 16 ಪಾಲು ಮಾಡುವುದಷ್ಟೇ ಅದರ ಕೆಲಸ. ಮನೆಗಳು ದೂರದೂರ ಇರುವ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಹಂತದಲ್ಲಿ ಪಾಲು ಮಾಡುತ್ತಾರೆ: ಪೇಟೆಯ ಹತ್ತಿರ 8, ಅದರ ಒಂದೊಂದು ಎಳೆಯನ್ನೂ ಊರೊಳಗೆ ಮತ್ತೆ 4. ಒಟ್ಟು 32 ಮನೆ. ಈ 32 ಮನೆಗಳ ಬೆಳಕು ನಾಪೋಕ್ಲುವಿನಲ್ಲೋ ವಿರಾಜಪೇಟೆಯಲ್ಲೋ ಇರುವ ಆಪರೇಟರ್ ಕೋಣೆಯಲ್ಲಿ ಓಎಲ್‌ಟಿ ಎಂಬ ಯಂತ್ರದ ಒಂದೇ ಪೋರ್ಟಿಗೆ ಸೇರುತ್ತದೆ.

ಜಿಪಾನ್ ಎಂಬ ವ್ಯವಸ್ಥೆಯಾದರೆ ಆ ಒಂದು ಪೋರ್ಟಿನಿಂದ ಕೆಳಗೆ ಬರುವುದು 2.488 ಜಿಬಿಪಿಎಸ್ (1 ಜಿಬಿಪಿಎಸ್ ಎಂದರೆ 1,000 ಎಂಬಿಪಿಎಸ್), ಮೇಲಕ್ಕೆ ಹೋಗುವುದು 1.244. ಸಣ್ಣ ಆಪರೇಟರ್‌ಗಳು ಅಗ್ಗವೆಂದು ಹಾಕಿರುವ ಈಪಾನ್ ಆದರೆ ಎರಡೂ ಕಡೆ ಸುಮಾರು 1 ಜಿಬಿಪಿಎಸ್. 32 ಮನೆಯೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ಜಿಪಾನ್‌ನಲ್ಲಿ ಮನೆಗೆ 77 ಎಂಬಿಪಿಎಸ್, ಈಪಾನ್‌ನಲ್ಲಿ 31 ಬರಬೇಕು. ನಿಮಗೆ ಬರುತ್ತಿರುವುದು 12. ಅಂದರೆ ಸ್ಪ್ಲಿಟರಿನ ಹಂಚಿಕೆಯೊಂದೇ ಇದಕ್ಕೆ ಕಾರಣವಾಗುವುದು ಕಷ್ಟ. ಒಂದೇ ಪೋರ್ಟಿಗೆ 64ಕ್ಕಿಂತ ಹೆಚ್ಚು ಮನೆ ತುಂಬಿದ್ದರೆ ಮಾತು ಬೇರೆ.

ಕೆಳಗೆ ಬರುವಾಗ ಎಲ್ಲರ ಡೇಟಾವೂ ಎಲ್ಲರ ಮನೆಗೂ ಬರುತ್ತದೆ, ಬೆಳಕನ್ನು ಪಾಲು ಮಾಡಿದಾಗ ಬೇರೆ ದಾರಿಯಿಲ್ಲ. ನಿಮ್ಮ ಓಎನ್‌ಟಿ ನಿಮ್ಮದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಜಿಪಾನ್‌ನಲ್ಲಿ ಅದಕ್ಕೆ ಗೂಢಲಿಪಿಯ ರಕ್ಷಣೆಯಿದೆ, ಪಕ್ಕದ ಮನೆಯವರು ಓದಿಬಿಡುತ್ತಾರೆ ಎಂಬ ಭಯ ಬೇಡ. ಮೇಲಕ್ಕೆ ಕಳಿಸುವಾಗ ಹಾಗಾಗುವಂತಿಲ್ಲ. ಎರಡು ಮನೆಯ ಬೆಳಕು ಒಟ್ಟಿಗೆ ಹೊರಟರೆ ಸ್ಪ್ಲಿಟರಿನಲ್ಲಿ ಬೆರೆತು ಎರಡೂ ಹಾಳು. ಅದಕ್ಕೇ ಓಎಲ್‌ಟಿ ಪ್ರತಿ ಮನೆಗೂ ಸರದಿ ಕೊಡುತ್ತದೆ. ನಿಮ್ಮ ಪೆಟ್ಟಿಗೆ 'ನನ್ನ ಹತ್ತಿರ ಇಷ್ಟು ಬಾಕಿ ಇದೆ' ಎಂದು ತಿಳಿಸುತ್ತದೆ, ಓಎಲ್‌ಟಿ 'ಈ ಮೈಕ್ರೋಸೆಕೆಂಡಿನಿಂದ ಆ ಮೈಕ್ರೋಸೆಕೆಂಡಿನವರೆಗೆ ನೀನು ಕಳಿಸು' ಎನ್ನುತ್ತದೆ. ಬಾಕಿ ಹೆಚ್ಚಿದ್ದವರಿಗೆ ಹೆಚ್ಚು ಸಮಯ, ಸುಮ್ಮನಿದ್ದವರಿಗೆ ಕಡಿಮೆ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಈ ಹಂಚಿಕೆ ಹೊಸದಾಗಿ ನಡೆಯುತ್ತದೆ. ಇದರಲ್ಲಿ ಕೆಲವು ಗ್ರಾಹಕರಿಗೆ ಇಂತಿಷ್ಟು ಖಾತ್ರಿ ಎಂದು ಬರೆದಿಡಬಹುದು. ಮನೆಯ ಪ್ಲ್ಯಾನ್‌ಗಳಿಗೆ ಸಾಮಾನ್ಯವಾಗಿ ಸಿಗುವುದು 'ಉಳಿದದ್ದರಲ್ಲಿ ಪಾಲು'.

ಫೈಬರಿನ ವಿಷಯದಲ್ಲಿ ಕೊಡಗಿಗೇ ಸೇರಿದ ಒಂದು ತೊಂದರೆ ಇದೆ. ಬೆಳಕಿಗೂ ಒಂದು ಬಜೆಟ್ ಇರುತ್ತದೆ. ದಾರಿಯಲ್ಲಿ ಬೆಳಕು ಎಷ್ಟು ಕ್ಷೀಣಿಸಬಹುದು ಎಂಬ ಈ ಲೆಕ್ಕವನ್ನು ಡಿಬಿಯಲ್ಲಿ (ಡೆಸಿಬೆಲ್) ಅಳೆಯುತ್ತಾರೆ, ಬಹುಪಾಲು ಜಿಪಾನ್ ಸಲಕರಣೆಗಳಲ್ಲಿ ಅದು 28 ಡಿಬಿ. 32 ಪಾಲು ಮಾಡುವುದರಲ್ಲೇ 16-17 ಹೋಗುತ್ತದೆ, 15 ಕಿಲೋಮೀಟರ್ ಗಾಜಿನಲ್ಲಿ ಇನ್ನೊಂದು 5. ಉಳಿದ 6ರಲ್ಲಿ ಎಲ್ಲ ಜಾಯಿಂಟು, ಕನೆಕ್ಟರ್ ಮುಗಿಯಬೇಕು. ಜುಲೈ ಮಳೆಯಲ್ಲಿ ಮರ ಬಿದ್ದು ಕೇಬಲ್ ತುಂಡಾಗಿ, ಕತ್ತಲಲ್ಲಿ ನೆನೆಯುತ್ತಾ ಹಾಕಿದ ಜಾಯಿಂಟ್ ಒಂದೆರಡು ಡಿಬಿ ತಿಂದರೆ ದಾರಿಯ ಕೊನೆಯ ಮನೆ ಅಂಚಿಗೆ ಬರುತ್ತದೆ. ಓಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂದು ಇರುತ್ತದೆ, ನೋಡಿ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 27 ದಾಟಿದರೆ ಪ್ಯಾಕೆಟ್‌ಗಳು, ಅಂದರೆ ಡೇಟಾ ಸಾಗುವ ಸಣ್ಣ ಸಣ್ಣ ತುಂಡುಗಳು, ಹಾಳಾಗತೊಡಗುತ್ತವೆ, ಆಗಾಗ ಬೆಳಕು ಸಿಗುತ್ತಿಲ್ಲ ಎನ್ನುವ ಎಲ್‌ಓಎಸ್ ಕೆಂಪು ದೀಪ ಬರುತ್ತದೆ. ಆದರೆ ಈ ರೋಗಕ್ಕೆ ಹಗಲು ರಾತ್ರಿಯ ಭೇದವಿಲ್ಲ. ನಿಮಗೆ ಬೆಳಿಗ್ಗೆ 95 ಬರುತ್ತಿರುವುದರಿಂದ ನಿಮ್ಮ ಗಾಜು ಚೆನ್ನಾಗಿದೆ ಎಂದೇ ನಾನು ನಂಬುತ್ತೇನೆ.

ಹಾಗಾದರೆ ಎಲ್ಲಿ? ನನ್ನ ಅನುಮಾನ ಓಎಲ್‌ಟಿಯ ಆಚೆಗೆ. ಊರಿನ ಆಪರೇಟರ್ ಇಂಟರ್‌ನೆಟ್ ತಯಾರಿಸುವುದಿಲ್ಲ, ದೊಡ್ಡ ಕಂಪನಿಯಿಂದ ಸಗಟು ಲೆಕ್ಕದಲ್ಲಿ ಕೊಳ್ಳುತ್ತಾರೆ. ಅದು ಮೈಸೂರು ಕಡೆಯಿಂದ ಘಟ್ಟ ಹತ್ತಿ ಬರುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳಿ. ಒಬ್ಬ ಆಪರೇಟರ್‌ಗೆ 800 ಮನೆ, ಎಲ್ಲರದ್ದೂ 100ರ ಪ್ಲ್ಯಾನ್. ಮಾರಿದ್ದು 80 ಜಿಬಿಪಿಎಸ್. ಮೇಲಿನಿಂದ ಕೊಂಡದ್ದು 2 ಜಿಬಿಪಿಎಸ್. ಅಂದರೆ 1ಕ್ಕೆ 40. ಕೇಳಲು ಭಯಂಕರ ಅನ್ನಿಸುತ್ತದೆ, ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2009ರಲ್ಲಿ ಮನೆಗಳಿಗೆ 1ಕ್ಕೆ 50, ವ್ಯವಹಾರದ ಕನೆಕ್ಷನ್‌ಗಳಿಗೆ 1ಕ್ಕೆ 30ರೊಳಗೆ ಇರಲಿ ಎಂದು ಮಾರ್ಗಸೂಚಿ ಕೊಟ್ಟಿತ್ತು. ಈ ಅನುಪಾತಕ್ಕೆ ಕಂಟೆನ್ಷನ್ ರೇಷಿಯೋ ಎನ್ನುತ್ತಾರೆ. ನಮ್ಮ ಉದಾಹರಣೆಯ ಆಪರೇಟರ್ ಅದರೊಳಗೇ ಇದ್ದಾರೆ.

ಈಗ ರಾತ್ರಿ 9 ಗಂಟೆ ಎಂದುಕೊಳ್ಳಿ. 800ರಲ್ಲಿ 500 ಮನೆಯಲ್ಲಿ ಟಿವಿಯೋ ಮೊಬೈಲೋ ಓಡುತ್ತಿದೆ. ಸರಾಸರಿ ಮನೆಗೆ 3 ಎಂಬಿಪಿಎಸ್ ಬೇಕಾದರೆ ಒಟ್ಟು 1.5 ಜಿಬಿಪಿಎಸ್, ಎಲ್ಲರೂ ಆರಾಮ, ನೀವು ಟೆಸ್ಟ್ ಮಾಡಿದರೆ 95 ಬಂದೇ ಬರುತ್ತದೆ. ಅದೇ ಸರಾಸರಿ 5 ಆಯಿತು ಎನ್ನಿ, ಕೆಲವು ಮನೆಗೆ 4ಕೆ ಟಿವಿ ಬಂತು, ಐಪಿಎಲ್ ಶುರುವಾಯಿತು. ಬೇಡಿಕೆ 2.5 ಜಿಬಿಪಿಎಸ್, ಇರುವುದು 2. ಈ ಬದಲಾವಣೆ ನಿಧಾನವಾಗಿ ಬರುವುದಿಲ್ಲ. ಶೇಕಡ 75 ತುಂಬಿದಾಗಲೂ ಯಾರಿಗೂ ಏನೂ ಗೊತ್ತಾಗದು, 100 ಮುಟ್ಟಿದ ತಕ್ಷಣ 500 ಮನೆಗೂ ಒಟ್ಟಿಗೆ ಗೊತ್ತಾಗುತ್ತದೆ. 'ಹೋದ ವರ್ಷ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಕೆಟ್ಟಿತು' ಎಂದು ಜನ ಹೇಳುವುದು ಇದರಿಂದಲೇ. ಆಪರೇಟರ್ ಏನನ್ನೂ ಕಡಿಮೆ ಮಾಡಿರುವುದಿಲ್ಲ, ಹೆಚ್ಚು ಮಾಡಬೇಕಿದ್ದಾಗ ಮಾಡಿರುವುದಿಲ್ಲ. ಅನುಪಾತವನ್ನಷ್ಟೇ ಕೇಳಿದರೆ ಪ್ರಯೋಜನವಿಲ್ಲ ಎಂದು ನಾನು ಹೇಳುವುದೂ ಇದಕ್ಕೇ. 1ಕ್ಕೆ 50 ಒಂದು ಕಾಲದ ಬಳಕೆಗೆ ಸರಿ, ಇನ್ನೊಂದು ಕಾಲದ ಬಳಕೆಗೆ ತಪ್ಪು. ಕೇಳಬೇಕಾದದ್ದು ರಾತ್ರಿ 9ಕ್ಕೆ ಆ ಲಿಂಕ್ ಶೇಕಡ ಎಷ್ಟು ತುಂಬಿರುತ್ತದೆ ಎಂದು.

ತುಂಬಿದ ಲಿಂಕಿನ ಬಾಯಲ್ಲಿ ಏನು ನಡೆಯುತ್ತದೆ ಎಂಬುದನ್ನೂ ಸ್ವಲ್ಪ ನೋಡಿ, ನಿಮ್ಮ ಮಗಳ ಕಾಲ್ ಕಟ್ ಆಗುವುದರ ಗುಟ್ಟು ಅಲ್ಲಿದೆ. ಬಂದ ಪ್ಯಾಕೆಟ್‌ಗಳು ಅಲ್ಲಿನ ರೌಟರಿನ ಮೆಮೊರಿಯಲ್ಲಿ ಸಾಲು ನಿಲ್ಲುತ್ತವೆ. ಸಾಲು ಉದ್ದವಾದಷ್ಟೂ ಕಾಯುವಿಕೆ. ಮೆಮೊರಿ ತುಂಬಿದರೆ ಆಮೇಲೆ ಬಂದವು ಬಿದ್ದುಹೋಗುತ್ತವೆ. ಡೌನ್‌ಲೋಡ್ ಮಾಡುತ್ತಿರುವ ಕಂಪ್ಯೂಟರ್‌ಗಳು ಪ್ಯಾಕೆಟ್ ಬಿದ್ದದ್ದನ್ನು ಗಮನಿಸಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಂಡು ಮತ್ತೆ ಸ್ವಲ್ಪ ಸ್ವಲ್ಪ ಏರಿಸುತ್ತವೆ. ಟಿಸಿಪಿ ಎಂಬ ನಿಯಮದ ಸೌಜನ್ಯ ಇದು, ಇಡೀ ಇಂಟರ್‌ನೆಟ್ ಕುಸಿಯದೆ ನಿಂತಿರುವುದರಲ್ಲಿ ಇದರ ಪಾಲು ದೊಡ್ಡದು. ಆದರೆ ಈ ಸೌಜನ್ಯ ನಡೆಯುವುದು ಕಂಪ್ಯೂಟರ್ ಸರ್ವರ್ ಜೊತೆ ತೆರೆಯುವ ಒಂದೊಂದು ಕನೆಕ್ಷನ್ನಿನ ಲೆಕ್ಕದಲ್ಲಿ, ಮನೆಯ ಲೆಕ್ಕದಲ್ಲಿ ಅಲ್ಲ. ಒಂದೇ ಫೈಲನ್ನು ಹತ್ತು ಕನೆಕ್ಷನ್ ತೆರೆದು ಎಳೆಯುವವರಿಗೆ ಒಂದು ತೆರೆದವರಿಗಿಂತ ಸುಮಾರು ಹತ್ತು ಪಟ್ಟು ಸಿಗುತ್ತದೆ. ವಿಡಿಯೋ ಕಾಲ್‌ಗೆ ಬೇಕಿರುವುದು ಬರೀ 3 ಎಂಬಿಪಿಎಸ್, ಆದರೆ ಅದಕ್ಕೆ ಕಾಯುವ ವ್ಯವಧಾನವಿಲ್ಲ. ಸಾಲಿನಲ್ಲಿ ನಿಂತು ತಡವಾಗಿ ಬಂದ ಮಾತು ಅದರ ಪಾಲಿಗೆ ಬಾರದಿದ್ದಂತೆಯೇ.

ಒಳ್ಳೆಯ ಆಪರೇಟರ್ ಇದಕ್ಕೆ ಮಾಡುವುದಿದೆ. ತುಂಬಿದ ಹೊತ್ತಿನಲ್ಲೂ ಮನೆಮನೆಗೆ ಬೇರೆ ಸಾಲು ಮಾಡಿ ಸರದಿಯ ಮೇಲೆ ಬಿಡುವಂತೆ ರೌಟರಿನಲ್ಲಿ ಬರೆಯಬಹುದು. ಆಗ ಕಡಿಮೆ ಕೇಳುವವರಿಗೆ ಅವರು ಕೇಳಿದಷ್ಟು ತಕ್ಷಣ ಸಿಗುತ್ತದೆ, ಉಳಿದದ್ದನ್ನು ಹೆಚ್ಚು ಎಳೆಯುವವರು ಸಮವಾಗಿ ಹಂಚಿಕೊಳ್ಳುತ್ತಾರೆ. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ, ಸಣ್ಣ ಆಪರೇಟರ್‌ಗಳು ಬಳಸುವ ರೌಟರ್‌ಗಳಲ್ಲೇ ಇದರ ಅನುಕೂಲ ಇರುತ್ತದೆ. ಕೂತು ಸೆಟ್ಟಿಂಗ್ ಮಾಡುವ ಮನಸ್ಸು ಬೇಕು. ಕೊಡಗಿನಂತಹ ಕಡೆ ಇದನ್ನು ಮಾಡದೆ ಬಿಡುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ನಿಮ್ಮ 100ರ ಮಿತಿಯನ್ನು ಹಾಕುವುದೂ ಅದೇ ರೌಟರ್. ನಿಮ್ಮ ಪೆಟ್ಟಿಗೆ ಲಾಗಿನ್ ಆದಾಗ ಆಪರೇಟರಿನ ಸರ್ವರ್ 'ಇವರದು 100ರ ಪ್ಲ್ಯಾನ್' ಎಂದು ತಿಳಿಸುತ್ತದೆ. ಆ ಕ್ಷಣದಿಂದ ನಿಮ್ಮ ಖಾತೆಗೆ ಸೆಕೆಂಡಿಗೆ ಇಷ್ಟು ಬಿಟ್ ಎಂದು ಜಮೆಯಾಗುತ್ತಾ ಹೋಗುತ್ತದೆ, ಪ್ರತಿ ಪ್ಯಾಕೆಟ್‌ಗೂ ಖರ್ಚು ಕಳೆಯುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಖಾತೆಯಲ್ಲಿ ಸ್ವಲ್ಪ ಉಳಿತಾಯ. ಕೆಲವರು ಈ ಉಳಿತಾಯವನ್ನು ದೊಡ್ಡದಾಗಿ ಇಟ್ಟಿರುತ್ತಾರೆ, ಆಗ ಡೌನ್‌ಲೋಡಿನ ಮೊದಲ ಕೆಲವು ಸೆಕೆಂಡು ಪ್ಲ್ಯಾನಿಗಿಂತ ಜೋರು, ಆಮೇಲೆ ಸಮ. ಸ್ಪೀಡ್ ಟೆಸ್ಟ್ ಮುಗಿಯುವುದೂ ಕೆಲವೇ ಸೆಕೆಂಡಿನಲ್ಲಿ ಎಂಬುದು ನೆನಪಿರಲಿ. ಇನ್ನು 95 ಏಕೆ, 100 ಏಕಿಲ್ಲ ಎಂದರೆ ಪ್ರತಿ ಪ್ಯಾಕೆಟ್ಟಿನ ವಿಳಾಸದ ಭಾಗಕ್ಕೂ ಜಾಗ ಹೋಗುತ್ತದೆ. ಅದು ಸಹಜ. ಆದರೆ ನಿಮ್ಮ ಪೆಟ್ಟಿಗೆಯಲ್ಲಿ ವೈರ್ ಚುಚ್ಚುವ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಆಗಿದ್ದರೂ ತೋರುವುದು 94-95ನ್ನೇ. ಹಾಗಿದ್ದರೆ 200ರ ಪ್ಲ್ಯಾನ್ ಹಾಕಿಸಿದರೂ ಆ ವೈರಿನಲ್ಲಿ ನಡುರಾತ್ರಿ ಕೂಡ 95 ದಾಟುವುದಿಲ್ಲ. ದುಡ್ಡು ಕೊಡುವ ಮೊದಲು ಪೋರ್ಟ್ ಗಿಗಾಬಿಟ್ಟಿನದ್ದೇ ಎಂದು ಕೇಳಿ.

'ಅನ್‌ಲಿಮಿಟೆಡ್' ಪ್ಲ್ಯಾನ್‌ಗಳಿಗೂ ತಿಂಗಳ ಮಿತಿ ಇರುತ್ತದೆ, ಹಲವು ಕಡೆ 3,300 ಜಿಬಿ. ಅದು ಮುಗಿದರೆ ವೇಗ ಇಳಿಸುತ್ತಾರೆ. ಇಳಿಸಿದರೂ 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದೆಂದು ಟ್ರಾಯ್ 2016ರಲ್ಲಿ ಹೇಳಿತು. ಅದೂ ನಿಮ್ಮ ತೊಂದರೆಯಲ್ಲ. ಮಿತಿ ಮುಗಿದಿದ್ದರೆ ಬೆಳಿಗ್ಗೆಯೂ 95 ಬರುತ್ತಿರಲಿಲ್ಲ.

ಈಗ 'ನಮ್ಮ ಕಡೆಯಿಂದ ಎಲ್ಲ ಸರಿ ಇದೆ' ಎಂಬ ಮಾತು. ಅವರು ಸುಳ್ಳು ಹೇಳದೆಯೂ ಹಾಗೆ ಹೇಳಬಹುದು. ಸ್ಪೀಡ್ ಟೆಸ್ಟ್ ಆ್ಯಪ್ ತಾನಾಗಿಯೇ ಹತ್ತಿರದ ಸರ್ವರ್ ಆರಿಸುತ್ತದೆ. ಅದು ಆಪರೇಟರಿನ ಕೋಣೆಯಲ್ಲೇ ಇದ್ದರೆ ಪರೀಕ್ಷೆಯಾಗುವುದು ನಿಮ್ಮ ಮನೆಯಿಂದ ಅವರ ಕೋಣೆಯವರೆಗಿನ ದಾರಿ ಮಾತ್ರ, ತುಂಬಿದ ಮೈಸೂರು ಲಿಂಕ್ ಪರೀಕ್ಷೆಗೆ ಬರುವುದೇ ಇಲ್ಲ. ಯೂಟ್ಯೂಬ್‌ನಂತಹ ಕಂಪನಿಗಳು ಜನ ಹೆಚ್ಚು ನೋಡುವ ವಿಡಿಯೋಗಳ ಪ್ರತಿಯನ್ನು ಇಂಟರ್‌ನೆಟ್ ಕಂಪನಿಗಳೊಳಗೇ ಕ್ಯಾಶ್ ಸರ್ವರ್ ಇಟ್ಟು ಕೊಡುತ್ತವೆ. ಅದರಿಂದ ಬಂದದ್ದಕ್ಕೆ ಹೊರಗಿನ ಲಿಂಕ್ ಖರ್ಚಾಗುವುದಿಲ್ಲ. ದೇಶದೊಳಗಿನ ಕಂಪನಿಗಳು ಪರಸ್ಪರ ಡೇಟಾ ಬದಲಿಸಿಕೊಳ್ಳಲೆಂದೇ 2003ರಲ್ಲಿ ನಿಕ್ಸಿ ಎಂಬ ಸಂಸ್ಥೆ ಹುಟ್ಟಿತು. ಹೀಗಾಗಿ ಯೂಟ್ಯೂಬ್ ನಯವಾಗಿ ಓಡುತ್ತಿರುವಾಗಲೇ ಮಗಳು ಆಫೀಸಿನ ನೆಟ್‌ವರ್ಕಿಗೆ ಸೇರಲು ಬಳಸುವ ವಿಪಿಎನ್ ಒದ್ದಾಡಬಹುದು. ಎರಡೂ ಬರುವ ದಾರಿ ಬೇರೆ.

ಆದ್ದರಿಂದ ನೀವೇ ಪರೀಕ್ಷೆ ಮಾಡಿ, ಸರ್ವರನ್ನು ಕೈಯಾರೆ ಆರಿಸಿ. ವೈ-ಫೈ ಬೇಡ, ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ. ಹಳೆಯ ಮನೆಗಳ ದಪ್ಪ ಗೋಡೆ ವೈ-ಫೈಯನ್ನು ಅರ್ಧ ನುಂಗಿ ನಿಮ್ಮ ಲೆಕ್ಕವನ್ನೇ ಕೆಡಿಸುತ್ತದೆ. ಮೊದಲು ಆಪರೇಟರಿನ ಅಥವಾ ಅತಿ ಹತ್ತಿರದ ಸರ್ವರ್, ಆಮೇಲೆ ಬೆಂಗಳೂರಿನಲ್ಲಿ ಬೇರೆ ಕಂಪನಿಯ ಸರ್ವರ್, ಆಮೇಲೆ ಚೆನ್ನೈ ಅಥವಾ ಮುಂಬೈ. ಒಂದು ವಾರ ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 9ಕ್ಕೆ ಬರೆದಿಡಿ. ರಾತ್ರಿ ಹತ್ತಿರದ್ದು 90, ಬೆಂಗಳೂರು 12 ಎಂದಾದರೆ ನಾನು ಹೇಳಿದ ಹೊರಗಿನ ಲಿಂಕೇ ಕಾರಣ. ಹತ್ತಿರದ್ದೂ 12 ಎಂದಾದರೆ ಸ್ಪ್ಲಿಟರ್ ಅಥವಾ ಓಎಲ್‌ಟಿಯಲ್ಲಿ ಜನ ಹೆಚ್ಚಾಗಿದ್ದಾರೆ.

ಪಿಂಗ್ ಅಂಕಿಯನ್ನೂ, ಅಂದರೆ ಒಂದು ಪ್ಯಾಕೆಟ್ ಸರ್ವರ್‌ಗೆ ಹೋಗಿಬರಲು ಹಿಡಿಯುವ ಹೊತ್ತನ್ನೂ, ಬರೆದುಕೊಳ್ಳಿ, ನಾನಂತೂ ಸ್ಪೀಡಿಗಿಂತ ಅದನ್ನೇ ಮೊದಲು ನೋಡುತ್ತೇನೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೊಡಗಿನಿಂದ ಬೆಂಗಳೂರಿಗೆ ಕೇಬಲ್ ಸುತ್ತಿಬಳಸಿ 400 ಕಿಲೋಮೀಟರ್ ಇದ್ದರೂ ಹೋಗಿಬರಲು 4 ಮಿಲಿಸೆಕೆಂಡ್ ಸಾಕು. ನಡುವಿನ ಯಂತ್ರಗಳದ್ದೆಲ್ಲ ಸೇರಿಸಿ ಬೆಳಿಗ್ಗೆ 10-15 ತೋರಿದರೆ ಸರಿ. ರಾತ್ರಿ ಅದೇ ಸರ್ವರ್‌ಗೆ 120 ತೋರಿದರೆ ದೂರವೇನೂ ಹೆಚ್ಚಾಗಿಲ್ಲ, ಮಿಕ್ಕ 100 ಮಿಲಿಸೆಕೆಂಡೂ ಯಾವುದೋ ಸಾಲಿನಲ್ಲಿ ಕಾದು ಕಳೆದದ್ದು. ಇದನ್ನು ಯಾವ ಆಪರೇಟರೂ ಅಲ್ಲಗಳೆಯಲಾರರು.

ವಾರಾಂತ್ಯದ ವಿಷಯಕ್ಕೆ ಬರುತ್ತೇನೆ. ಹಗಲಲ್ಲಿ ಗೆಸ್ಟ್ ಬಂದಾಗ ಮಾತ್ರ ಕಾಲ್ ಕಟ್ ಆಗುತ್ತದೆ ಎಂದಿದ್ದೀರಿ. ತಡಿಯಂಡಮೋಳ್ ಹತ್ತಿ ಇಳಿದು ಬಂದವರ ಫೋನಿನಲ್ಲಿ ನೂರಾರು ಫೋಟೋ, ವಿಡಿಯೋ ಇರುತ್ತದೆ. ಬೆಟ್ಟದಲ್ಲಿ ಸಿಗ್ನಲ್ ಇಲ್ಲದ ಫೋನು ನಿಮ್ಮ ವೈ-ಫೈ ಸಿಕ್ಕಿದ ಕೂಡಲೇ ಎಲ್ಲವನ್ನೂ ಕ್ಲೌಡಿಗೆ ಏರಿಸತೊಡಗುತ್ತದೆ. ಐದಾರು ಫೋನು ಹೀಗೆ ಮಾಡಿದರೆ ನಿಮ್ಮ ಅಪ್‌ಲೋಡ್ ತುಂಬಿತು. ಮಗಳ ದನಿಯೂ ಅದೇ ಸಾಲಿನ ಹಿಂದೆ. ಅಷ್ಟೇ ಅಲ್ಲ, ಡೌನ್‌ಲೋಡ್ ಮಾಡುವಾಗಲೂ 'ಬಂತು, ಮುಂದಿನದು ಕಳಿಸು' ಎಂಬ ಸಣ್ಣ ಉತ್ತರಗಳು ಮೇಲಕ್ಕೆ ಹೋಗಬೇಕು, ಅವೂ ಸಿಕ್ಕಿಕೊಂಡು ಡೌನ್‌ಲೋಡೂ ಮಂದವಾಗುತ್ತದೆ. ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಗೆಸ್ಟ್‌ಗಳಿಗೆ ಬೇರೆ ವೈ-ಫೈ ಹೆಸರು ಮಾಡಿ, ಅದಕ್ಕೆ ಅಪ್‌ಲೋಡ್ ಮಿತಿ ಹಾಕಿ. ಇನ್ನೂ ಒಳ್ಳೆಯದು ಎಸ್‌ಕ್ಯೂಎಂ ಸೌಲಭ್ಯವಿರುವ ರೌಟರ್. ಅದು ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸದೆ ಕೆಲಸಕ್ಕೊಂದು ಸಾಲು ಮಾಡುತ್ತದೆ, ಫೋಟೋಗಳ ಹಿಂದೆ ಮಾತು ಕಾಯುವುದು ತಪ್ಪುತ್ತದೆ. ಅದರಲ್ಲಿ ವೇಗವನ್ನು ನಿಮ್ಮ ನಿಜವಾದ ವೇಗಕ್ಕಿಂತ ತುಸು ಕಡಿಮೆ, 90 ಎಂದು ಬರೆಯಬೇಕು. ಆಗ ಸಾಲು ಆಪರೇಟರಿನಲ್ಲಿ ಬೆಳೆಯದೆ ನಿಮ್ಮ ರೌಟರಿನಲ್ಲೇ ನಿಲ್ಲುತ್ತದೆ, ಅದನ್ನು ನಿಭಾಯಿಸುವುದು ಸುಲಭ. ರಾತ್ರಿಯ ತೊಂದರೆಗೆ ಮಾತ್ರ ಇದು ಮದ್ದಲ್ಲ, ಆ ಸಾಲು ಇರುವುದು ನಿಮ್ಮ ಮನೆಯಲ್ಲಿ ಅಲ್ಲ.

ನಿಯಮಗಳ ಬಲವೂ ನಿಮಗಿದೆ. ಟ್ರಾಯ್‌ನ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ದಟ್ಟಣೆಯ ಹೊತ್ತಿನಲ್ಲಿ ಲಿಂಕ್ ಶೇಕಡ 80ಕ್ಕಿಂತ ಹೆಚ್ಚು ತುಂಬಿರಬಾರದು ಎಂದಿತು. 90 ದಾಟಿದರೆ ಅದನ್ನು ದಟ್ಟಣೆ ಎಂದೇ ಪರಿಗಣಿಸಿ, ಒಂದು ತಿಂಗಳೊಳಗೆ ಬ್ಯಾಂಡ್‌ವಿಡ್ತ್ ಹೆಚ್ಚಿಸಬೇಕು ಎಂದೂ ಹೇಳಿತು. 2024ರ ಅಕ್ಟೋಬರ್‌ನಿಂದ ಫೋನು, ಮೊಬೈಲು, ಬ್ರಾಡ್‌ಬ್ಯಾಂಡ್ ಎಲ್ಲಕ್ಕೂ ಸೇರಿ ಒಂದೇ ಹೊಸ ನಿಯಮಾವಳಿ ಜಾರಿಯಲ್ಲಿದೆ. ಅದೇನೇ ಇರಲಿ, ಲಿಂಕ್ 80 ಮುಟ್ಟುವಾಗಲೇ ಹೊಸದಕ್ಕೆ ಆರ್ಡರ್ ಹಾಕುವುದು ನೆಟ್‌ವರ್ಕ್ ನಡೆಸುವವರ ಒಳ್ಳೆಯ ಅಭ್ಯಾಸ. ನಿಮ್ಮ ವಾರದ ಪಟ್ಟಿಯನ್ನು ಹಿಡಿದು ಆಪರೇಟರ್ ಹತ್ತಿರ ಹೋಗಿ, 'ಸ್ಪೀಡ್ ಬರುತ್ತಿಲ್ಲ' ಎನ್ನುವ ಬದಲು 'ನಿಮ್ಮ ಅಪ್‌ಲಿಂಕ್ ಗ್ರಾಫ್ ತೋರಿಸಿ' ಎಂದು ಕೇಳಿ. ಹೊರಗಿನ ಲಿಂಕ್ ಯಾವ ಹೊತ್ತಿಗೆ ಎಷ್ಟು ತುಂಬಿದೆ ಎಂದು ತೋರಿಸುವ ಈ ಗ್ರಾಫ್ ಸಾಮಾನ್ಯವಾಗಿ ಆಪರೇಟರ್‌ಗಳ ಹತ್ತಿರ ಇರುತ್ತದೆ. ಆರೋಗ್ಯವಾಗಿರುವ ಲಿಂಕಿನ ಗೆರೆ ಸಂಜೆ ಏರಿ, 9ರ ಸುಮಾರಿಗೆ ಮೊನಚಾಗಿ, ಇಳಿಯುತ್ತದೆ. ತುಂಬಿದ ಲಿಂಕಿನ ಗೆರೆ 8ಕ್ಕೆ ಮೇಲಿನ ಮಿತಿಯನ್ನು ಮುಟ್ಟಿ, 10.30ರವರೆಗೆ ಅಡ್ಡಗೆರೆಯಾಗಿ ಚಪ್ಪಟೆ ಓಡುತ್ತದೆ. ಯಾರು ನೋಡಿದರೂ ಗೊತ್ತಾಗುವಷ್ಟು ಸ್ಪಷ್ಟ. ತೋರಿಸಲು ಒಪ್ಪದಿದ್ದರೆ ಲಿಖಿತ ದೂರು ಕೊಟ್ಟು ನಂಬರ್ ಪಡೆಯಿರಿ, ಉತ್ತರ ಬಾರದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಅದರಾಚೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆಪರೇಟರ್‌ಗಳ ಕಷ್ಟವನ್ನೂ ಹೇಳಬೇಕು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ 100 ಮನೆಗೆ ಬೇಕಾಗುವ ಕೇಬಲ್ ನಮ್ಮಲ್ಲಿ ಒಂದು ತೋಟದ ಮನೆಗೆ ಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆಯೇ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ರಸ್ತೆ ಹೋದರೆ ಅದರ ಬದಿಯ ಕೇಬಲ್ಲೂ ಹೋಗುತ್ತದೆ. ಎರಡು ದಾರಿ ಇರುವ ಆಪರೇಟರ್ ಆಗ ಎಲ್ಲವನ್ನೂ ಉಳಿದ ಸಣ್ಣ ದಾರಿಗೆ ತಿರುಗಿಸುತ್ತಾರೆ. ದೀಪ ಹಸಿರು, ಪೇಜ್ ಮಾತ್ರ ತೆರೆಯದು. ಮಳೆಗಾಲದ ಎಷ್ಟೋ 'ನೆಟ್ ಸ್ಲೋ' ದೂರುಗಳ ಹಿಂದೆ ಇದಿರುತ್ತದೆ. ಅಂಥ ದಿನ ಊರಿನ ವಾಟ್ಸಾಪ್ ಗುಂಪಿಗೆ 'ಮೇನ್ ಕಟ್ ಆಗಿದೆ, ಅರ್ಧ ಸಾಮರ್ಥ್ಯದಲ್ಲಿ ಓಡಿಸುತ್ತಿದ್ದೇವೆ' ಎಂದು ಒಂದು ಸಾಲು ಹಾಕುವ ಆಪರೇಟರ್ ನಿಮಗಿದ್ದರೆ ಅವರನ್ನು ಬಿಡಬೇಡಿ.

ಎರಡನೇ ಕನೆಕ್ಷನ್ ಬಗ್ಗೆ ಕೇಳಿದ್ದೀರಿ. ಮಗಳ ಕೆಲಸ ಅದರ ಮೇಲೇ ನಿಂತಿರುವುದರಿಂದ, ದೊಡ್ಡ ಪ್ಲ್ಯಾನಿಗಿಂತ ಸಣ್ಣದೊಂದು ಎರಡನೇ ಲೈನ್ ಮೇಲು. 30-40 ಎಂಬಿಪಿಎಸ್ ಸಾಕು. ಮೊಬೈಲ್ ಸಿಮ್ ಹಾಕುವ ರೌಟರನ್ನೇ ನಂಬುವುದಾದರೆ ಟವರಿನ ಬೆಳಗಿನ ಸ್ಪೀಡು ನೋಡಿ ಮೋಸಹೋಗಬೇಡಿ. ಟವರಿನ ಒಂದು ದಿಕ್ಕಿನ ಸಾಮರ್ಥ್ಯವನ್ನು ಆ ಕಡೆಯ ಎಲ್ಲ ಫೋನ್‌ಗಳೂ ಹಂಚಿಕೊಳ್ಳುತ್ತವೆ. ಕಣಿವೆಯಲ್ಲಿ ಸಿಗ್ನಲ್ ಕ್ಷೀಣವಾಗಿರುವ ಫೋನು ಅಷ್ಟೇ ಡೇಟಾಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡು ಉಳಿದವರ ಪಾಲನ್ನೂ ತಿನ್ನುತ್ತದೆ. ಪ್ರವಾಸಿಗರು ತುಂಬಿದ ಶನಿವಾರ ಸಂಜೆ ಪರೀಕ್ಷಿಸಿ ಆಮೇಲೆ ಕೊಳ್ಳಿ. ಫೈಬರನ್ನೇ ತೆಗೆದುಕೊಳ್ಳುವುದಾದರೆ ಕಂಪನಿಯ ಹೆಸರು ಬೇರೆ ಎಂದಷ್ಟೇ ನೋಡಬೇಡಿ, ಎರಡು ಹೆಸರುಗಳೂ ಒಂದೇ ಸಗಟು ಲಿಂಕಿನ ಮೇಲೆ ಓಡುತ್ತಿರಬಹುದು. 'ನಿಮ್ಮ ಮೇಲಿನ ಕಂಪನಿ ಯಾವುದು, ಕೇಬಲ್ ಕುಶಾಲನಗರದ ಕಡೆಯಿಂದ ಬರುತ್ತದೋ, ಹುಣಸೂರು-ಗೋಣಿಕೊಪ್ಪದ ಕಡೆಯಿಂದಲೋ' ಎಂದು ಇಬ್ಬರನ್ನೂ ಕೇಳಿ. ಎರಡಕ್ಕೂ ಬೇರೆ ಬೇರೆ ಉತ್ತರ ಸಿಕ್ಕಿದರೆ ಮಾತ್ರ ಎರಡನೆಯದಕ್ಕೆ ದುಡ್ಡು ಹಾಕಿ.